ಬ್ಯಾಗಿನ ನೀರು ಗುಲಾಬಿ ಬಣ್ಣ ಬಂದಿದೆ, ಅದರೊಳಗೇ ಹೆಪಾರಿನ್ ಹಾಕಿ ಅಂತಾರೆ. ಇದು ಸರಿನಾ?

ಸೇಡಂ_ಮಗ | ಶನಿವಾರ, ಬೆಳಿಗ್ಗೆ 7:40

ಎಲ್ಲರಿಗೂ ಶರಣು.

ಅವ್ವನಿಗೆ 61 ವರ್ಷ. ಸೇಡಂ ಹತ್ತಿರದ ಹಳ್ಳಿ ನಮ್ಮದು. ಕಿಡ್ನಿ ಕೆಲಸ ಮಾಡಲ್ಲ, 14 ತಿಂಗಳಿಂದ ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್ ಮಾಡುತ್ತಿದ್ದೇವೆ, ಸಿಎಪಿಡಿ. ಪೈಪಿನಿಂದ ಹೊಟ್ಟೆಯೊಳಗೆ ಬ್ಯಾಗಿನ ನೀರು ಬಿಟ್ಟು, ಕೆಲವು ಗಂಟೆ ಆದಮೇಲೆ ಇಳಿಸೋದು. ದಿನಕ್ಕೆ ಮೂರು ಬ್ಯಾಗ್, ಎರಡೆರಡು ಲೀಟರಿನದು. ಇಲ್ಲಿವರೆಗೆ ದೊಡ್ಡ ತೊಂದರೆ ಇರಲಿಲ್ಲ.

ಹೋದ ತಿಂಗಳು ಎದೆ ಡವಡವ ಅಂತ ಕಲಬುರಗಿಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆದು, ಎದೆಬಡಿತ ತಾಳ ತಪ್ಪಿದೆ, ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವಾ ಹೊಡೆಯಬಹುದು ಅಂತ ರಕ್ತ ತೆಳು ಮಾಡುವ ಮಾತ್ರೆ ಬರೆದುಕೊಟ್ಟರು. ಅಪಿಕ್ಸಬಾನ್ 2.5, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಕೋಸ್ಪ್ರಿನ್ 75, ಅಂದ್ರೆ ಆಸ್ಪಿರಿನ್, ಅದೂ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದೇ, ಮೊದಲಿಂದಲೂ ನಡೀತಿದೆ. ಅದನ್ನು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ರಾತ್ರಿಯ ಬ್ಯಾಗ್ ಇಳಿಸಿದರೆ ನೀರು ಗುಲಾಬಿ. ಒಂದು ಲೋಟ ನೀರಿಗೆ ಎರಡು ಹನಿ ರೂಹ್ ಅಫ್ಜಾ ಬಿದ್ದ ಹಾಗೆ. ಕೈ ನಡುಗಿತು ನನಗೆ. ಹೈದರಾಬಾದಿನ ನಮ್ಮ ಸೆಂಟರಿಗೆ ಫೋನ್ ಮಾಡಿದೆ. ಸಿಸ್ಟರ್ ಹೇಳಿದ್ದು: "ಎರಡು ಬ್ಯಾಗ್ ಬೇಗ ಬೇಗ ಹಾಕಿ ತೆಗೀರಿ, ಆಮೇಲಿನ ಬ್ಯಾಗಿಗೆ ಹೆಪಾರಿನ್ ಹಾಕಿ. ಎಷ್ಟು ಅಂತ ಡಾಕ್ಟರ್ ಮೆಸೇಜ್ ಮಾಡ್ತಾರೆ."

ಹೆಪಾರಿನ್ ಅಂದ್ರೆ ರಕ್ತ ತೆಳು ಮಾಡೋ ಔಷಧಿನೇ ಅಲ್ವಾ? ರಕ್ತ ಬರ್ತಿರುವಾಗ ಅದನ್ನೇ ಇನ್ನಷ್ಟು ಹಾಕೋದಾ? ಸಿಸ್ಟರ್ ಅವಸರದಲ್ಲಿದ್ದರು, ಫೋನ್ ಇಟ್ಟುಬಿಟ್ಟರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಆಳಂದ_ನಾಟಿ | ಬೆಳಿಗ್ಗೆ 7:52

ಅಣ್ಣಾ, ಎಲ್ಲಾ ಮಾತ್ರೆ ಇವತ್ತೇ ನಿಲ್ಲಿಸು. ರಕ್ತ ತೆಳು ಆಗೋಕೆ ಮನೆ ಬೆಳ್ಳುಳ್ಳಿ ಸಾಕು. ದಿನಾ ನಾಲ್ಕು ಎಸಳು ಹಸಿಯಾಗಿ ತಿನ್ನಿಸು.

ಸಿಸ್ಟರ್_ಬೀದರ್ | ಬೆಳಿಗ್ಗೆ 8:15

ಸೇಡಂ ತಮ್ಮಾ, ಮೊದಲು ಸಮಾಧಾನ ಮಾಡಿಕೊ. ನಾನು ಡಯಾಲಿಸಿಸ್ ವಿಭಾಗದಲ್ಲಿ 11 ವರ್ಷದಿಂದ ಕೆಲಸ ಮಾಡ್ತಿದ್ದೇನೆ. ನಾಟಿ ಅಣ್ಣಾರ ಮಾತು ಕೇಳಬೇಡ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು. ಅವ್ವನಿಗೆ ಹೊಟ್ಟೆನೋವು ಇದೆಯಾ? ಜ್ವರ, ಚಳಿ? ಎದ್ದು ನಿಂತರೆ ತಲೆ ಸುತ್ತುತ್ತಾ? ಬಿದ್ದಿದ್ದಾರಾ, ಭಾರ ಏನಾದರೂ ಎತ್ತಿದ್ದಾರಾ? ಬಿಪಿ ಎಷ್ಟಿದೆ? ನೀರು ಗುಲಾಬಿ ಇದ್ದರೂ ತಿಳಿಯಾಗಿದೆಯಾ, ಇಲ್ಲಾ ಮಬ್ಬಾಗಿದೆಯಾ? ಬ್ಯಾಗಿನ ಅಡಿ ಪೇಪರ್ ಇಟ್ಟು ಅಕ್ಷರ ಓದಿ ನೋಡು.

ಈಗ ಹೆಪಾರಿನ್ ವಿಷಯ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಟ್ರೇನಿಂಗಿನಲ್ಲಿ ನಾನೂ ಇದನ್ನೇ ಕೇಳಿದ್ದೆ. ಬಾಯಿಗೆ ಹಾಕುವ ಮಾತ್ರೆ ರಕ್ತಕ್ಕೆ ಹೋಗುತ್ತದೆ, ಮೈಯೆಲ್ಲಾ ಓಡಾಡುತ್ತದೆ. ಬ್ಯಾಗಿಗೆ ಹಾಕುವ ಹೆಪಾರಿನ್ ಹೊಟ್ಟೆಯ ನೀರಿನಲ್ಲೇ ಉಳಿಯುತ್ತದೆ. ಅದರ ಕಣ ದೊಡ್ಡದು, ಹೊಟ್ಟೆಯ ಪೊರೆ ದಾಟಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾಗಿ ಅವ್ವನ ಮೈಯಲ್ಲಿ ರಕ್ತ ಅದರಿಂದ ತೆಳುವಾಗಲ್ಲ.

ಹಾಗಾದ್ರೆ ಯಾಕೆ ಹಾಕೋದು? ಪೈಪಿಗೋಸ್ಕರ. ಹೊಟ್ಟೆಯೊಳಗೆ ರಕ್ತ ಬಿದ್ದರೆ ಅದು ಹೆಪ್ಪುಗಟ್ಟುತ್ತೆ. ಕ್ಯಾತಿಟರ್, ಅಂದ್ರೆ ಹೊಟ್ಟೆಯೊಳಗಿನ ಆ ಪೈಪಿನ ಪಕ್ಕದಲ್ಲಿ ಸಣ್ಣ ಸಣ್ಣ ತೂತು ಇರ್ತಾವೆ, ಹೆಪ್ಪು ಅದರಲ್ಲಿ ಸಿಕ್ಕಿಕೊಂಡರೆ ನೀರು ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಆಮೇಲೆ ಪೈಪ್ ಬಿಡಿಸೋಕೆ ದೊಡ್ಡ ಆಸ್ಪತ್ರೆಗೇ ಓಡಬೇಕು. ಹೊಸ ಹೆಪ್ಪು ಕಟ್ಟದ ಹಾಗೆ ತಡೆಯೋದಷ್ಟೇ ಹೆಪಾರಿನ್ ಕೆಲಸ. ಆಗಲೇ ಕಟ್ಟಿದ್ದನ್ನು ಅದು ಕರಗಿಸಲ್ಲ. ಅದಕ್ಕೇ ಬೇಗ ಹಾಕಿ ಅನ್ನೋದು.

ಗುಲಾಬಿ ಬಣ್ಣ ನೋಡಿ ಲೀಟರ್‌ಗಟ್ಟಲೆ ರಕ್ತ ಹೋಯಿತು ಅಂದುಕೊಳ್ಳಬೇಡ. ಒಂದು ಲೀಟರ್ ನೀರಿಗೆ ಒಂದೆರಡು ಎಂಎಲ್ ರಕ್ತ ಬಿದ್ದರೂ ಇಷ್ಟೇ ಕೆಂಪಾಗಿ ಕಾಣುತ್ತೆ. ಆದರೆ ಕುಂಕುಮ ಕದಡಿದ ಹಾಗೆ ಗಾಢವಾದರೆ, ಹೊಟ್ಟೆ ಬಿಗಿದರೆ, ಬಿಪಿ ಇಳಿದರೆ ಇಲ್ಲಿ ಬರೀತಾ ಕೂರಬೇಡ. ಗಾಡಿ ಹತ್ತು.

ಸೇಡಂ_ಮಗ | ಬೆಳಿಗ್ಗೆ 8:31

ಅಕ್ಕಾ, ಹೊಟ್ಟೆನೋವು ಇಲ್ಲ. ಜ್ವರ ಇಲ್ಲ. ಬಿಪಿ 130/80. ಬಿದ್ದಿಲ್ಲ. ಪೇಪರ್ ಇಟ್ಟು ನೋಡಿದೆ, ತಂಗಿ ಹೆಡ್ಡಿಂಗ್ ಅಷ್ಟೇ ಅಲ್ಲ, ಕೆಳಗಿನ ಸಣ್ಣ ಅಕ್ಷರವನ್ನೂ ಓದಿದಳು.

ಸಿಸ್ಟರ್_ಬೀದರ್ | ಬೆಳಿಗ್ಗೆ 8:36

ಒಳ್ಳೇದು. ಅಂದ್ರೆ ಸೋಂಕಿನ ಲಕ್ಷಣ ಸದ್ಯಕ್ಕೆ ಕಾಣ್ತಿಲ್ಲ. ಆದರೂ ಆ ಬ್ಯಾಗ್ ಚೆಲ್ಲಬೇಡ. ಕಟ್ಟಿ ಇಟ್ಟುಕೋ, ಲ್ಯಾಬಿಗೆ ಬೇಕಾಗುತ್ತೆ.

ಬೇಗ ಬೇಗ ಹಾಕಿ ತೆಗೆಯುವ ಬ್ಯಾಗ್ ಬಿಸಿ ಮಾಡಬೇಡ. ರಕ್ತನಾಳ ಸಂಕುಚಿತ ಆಗಲಿ ಅಂತ ರೂಮಿನ ಬಿಸಿಯಲ್ಲೇ ಹಾಕಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತೆ. ಬರೆದವರು ಮೇ ತಿಂಗಳಲ್ಲಿ ಸೇಡಂ ಕಡೆ ಬಂದಿಲ್ಲ ಅನಿಸುತ್ತೆ. ನಮ್ಮ ಕಡೆ 42 ಡಿಗ್ರಿ ಬಿಸಿಲಲ್ಲಿ ತಗಡಿನ ಮನೆಯಲ್ಲಿಟ್ಟ ಬ್ಯಾಗ್ ಮೈಗಿಂತ ಬಿಸಿ ಇರುತ್ತೆ. ದೇವರ ಕೋಣೆ, ಅಟ್ಟದ ಕೆಳಗೆ, ಎಲ್ಲಿ ತಂಪಿದೆಯೋ ಅಲ್ಲಿನ ಬ್ಯಾಗ್ ತಗೋ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡ.

ಮೆಡಿಕಲ್_ಯಾದಗಿರಿ | ಬೆಳಿಗ್ಗೆ 9:05

ನಾನು ಮೆಡಿಕಲ್ ಅಂಗಡಿ ನಡೆಸುವವನು. ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅಂತ ಅಂಗಡಿಯ ಗಿರಾಕಿಗಳನ್ನು ಬಿಟ್ಟು ಟೈಪ್ ಮಾಡ್ತಿದ್ದೇನೆ.

ಹೆಪಾರಿನ್ ಬಾಟಲಿ ಎರಡು ಥರ ಬರುತ್ತೆ. ಎರಡೂ 5 ಎಂಎಲ್, ನೋಡೋಕೆ ಅಣ್ಣತಮ್ಮಂದಿರ ಹಾಗೆ. ಒಂದರಲ್ಲಿ ಎಂಎಲ್‌ಗೆ 1000 ಯೂನಿಟ್, ಇನ್ನೊಂದರಲ್ಲಿ ಎಂಎಲ್‌ಗೆ 5000 ಯೂನಿಟ್. ಡಾಕ್ಟರ್ "ಬ್ಯಾಗಿಗೆ 1000 ಯೂನಿಟ್" ಅಂದರೆ ಮೊದಲನೆಯದರಲ್ಲಿ 1 ಎಂಎಲ್. ಎರಡನೆಯದರಲ್ಲಿ ಬರೀ 0.2 ಎಂಎಲ್. "ಒಂದು ಎಂಎಲ್ ಹಾಕು ಅಂದಿದ್ರು" ಅಂತ ಅಂದಾಜಿನ ಮೇಲೆ ಹಾಕಿದರೆ ಐದು ಪಟ್ಟು ಹೋಗುತ್ತೆ.

ಇನ್ನೊಂದು. ನನ್ನ ಕಣ್ಣೆದುರೇ ನಡೆದದ್ದು. ಶಹಾಪುರ ಕಡೆಯ ಹುಡುಗನೊಬ್ಬ ಇನ್ಸುಲಿನ್ ಸಿರಿಂಜ್ ಕೇಳಿದ. ಸಕ್ಕರೆ ಕಾಯಿಲೆ ಯಾರಿಗಪ್ಪಾ ಅಂದೆ. ಸಕ್ಕರೆ ಕಾಯಿಲೆ ಅಲ್ಲ, ಅಪ್ಪನ ಬ್ಯಾಗಿಗೆ ಹೆಪಾರಿನ್ ಹಾಕಬೇಕು, ಯೂನಿಟ್ ಅಳತೆ ಇರೋ ಸಿರಿಂಜ್ ಇದೊಂದೇ ಅಲ್ವಾ ಅಂದ. ಎದೆ ಧಸಕ್ಕೆಂದಿತು. ಇನ್ಸುಲಿನ್ ಸಿರಿಂಜಿನ ಮೇಲಿರುವ ಯೂನಿಟ್ ಇನ್ಸುಲಿನ್‌ನದು. ನಮ್ಮಲ್ಲಿ ಜಾಸ್ತಿ ನಡೆಯುವ ಸಿರಿಂಜಿನಲ್ಲಿ 40 ಗೆರೆ ಅಂದ್ರೆ ಒಂದು ಎಂಎಲ್. ಅದಕ್ಕೂ ಹೆಪಾರಿನ್ ಯೂನಿಟ್‌ಗೂ ಯಾವ ಸಂಬಂಧವೂ ಇಲ್ಲ. ಮೇಲಾಗಿ ಅದರ ಸೂಜಿ ಗಿಡ್ಡ, ಬ್ಯಾಗಿನ ಔಷಧಿ ಹಾಕುವ ರಬ್ಬರ್ ಪೋರ್ಟಿನ ಒಳತನಕ ಮುಟ್ಟಲ್ಲ. ಔಷಧಿ ರಬ್ಬರಿನಲ್ಲೇ ಉಳಿಯುತ್ತೆ.

ಡಾಕ್ಟರ್ ಮೆಸೇಜಿನಲ್ಲಿ ಯೂನಿಟ್ ಎಷ್ಟು, ಯಾವ ಬಾಟಲಿ, ಎಷ್ಟು ಎಂಎಲ್ ಅಂತ ಮೂರೂ ಬರೆಸಿಕೋ. ಬಾಟಲಿಯ ಫೋಟೋ ತೆಗೆದು ಅವರಿಗೆ ಕಳಿಸು. ಹಾಕುವ ಮೊದಲು.

ಸೇಡಂ_ಮಗ | ಬೆಳಿಗ್ಗೆ 9:11

ಅಣ್ಣಾ, ಇಲ್ಲಿನ ಮೆಡಿಕಲ್‌ನಲ್ಲಿ ಕೊಟ್ಟದ್ದು 5000 ಬರೆದಿರೋದು! ಚೀಟಿಯಲ್ಲಿ ಬರೀ "ಹೆಪಾರಿನ್" ಅಂತ ಬರೆದಿದ್ದೆ. ಫೋಟೋ ಕಳಿಸಿದ್ದೇನೆ. ಕಾಯ್ತಿದ್ದೇನೆ.

ರೋಜಾ_ಕಲಬುರಗಿ | ಬೆಳಿಗ್ಗೆ 9:40

ಅಣ್ಣಾ, ಅಮ್ಮಿಗೆ ಬೇಗ ಗುಣ ಆಗಲಿ.

ಪಕ್ಕದ ಮಾತು ಒಂದು ಕೇಳಲಾ? ನನ್ನ ಅಬ್ಬಾ ಕೂಡ ಪಿಡಿ (ಹೊಟ್ಟೆ ಡಯಾಲಿಸಿಸ್) ಪೇಶೆಂಟ್. ಹೆಪಾರಿನ್ ಹಂದಿಯಿಂದ ಮಾಡ್ತಾರೆ ಅಂತ ಯಾರೋ ಹೇಳಿದರು. ಅಬ್ಬಾ ಬೇಡವೇ ಬೇಡ ಅಂತ ಕೂತಿದ್ದಾರೆ. ನಿಜನಾ?

ಸಿಸ್ಟರ್_ಬೀದರ್ | ಬೆಳಿಗ್ಗೆ 9:58

ನಿಜ ರೋಜಾ. ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೀತಾರೆ. ಸುಳ್ಳು ಹೇಳಿ ಹಾಕೋದು ತಪ್ಪು. ನಮ್ಮ ಬೀದರಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಡಾಕ್ಟರ್ ನೇರವಾಗಿ ಹೇಳಿಬಿಡ್ತಾರೆ. ಕೃತಕವಾಗಿ ಮಾಡಿದ ಫೊಂಡಾಪರಿನಕ್ಸ್ ಅಂತ ಒಂದಿದೆ, ಆದರೆ ಅದು ಹೊರಗೆ ಹೋಗೋದೇ ಕಿಡ್ನಿಯಿಂದ. ಡಯಾಲಿಸಿಸ್‌ನವರಿಗೆ ಕೊಡಲ್ಲ.

ರೋಜಾ_ಕಲಬುರಗಿ | ಬೆಳಿಗ್ಗೆ 10:20

ಶುಕ್ರಿಯಾ ಅಕ್ಕಾ. ನಮ್ಮ ಮೊಹಲ್ಲಾದ ಹಿರಿಯ ಮೌಲಾನಾ ಅವರನ್ನು ಈಗಷ್ಟೇ ಫೋನಿನಲ್ಲಿ ಕೇಳಿದೆ. ಬೇರೆ ದಾರಿ ಇಲ್ಲದಿದ್ದರೆ ಜೀವ ಉಳಿಸೋಕೆ ಪರವಾನಗಿ ಇದೆ, ಅಬ್ಬಾ ಜೊತೆ ನಾನೇ ಮಾತಾಡ್ತೀನಿ ಅಂದರು. ಹೇಳದೇ ಹಾಕಿದ್ದರೆ ಅಬ್ಬಾ ನನ್ನನ್ನು ಜನ್ಮದಲ್ಲಿ ನಂಬ್ತಿರಲಿಲ್ಲ.

ಹುಮನಾಬಾದ್_ಮೇಷ್ಟ್ರು | ಬೆಳಿಗ್ಗೆ 11:15

ಬ್ಯಾಗಿನ ಹೆಪಾರಿನ್ ಬಗ್ಗೆ ಸಿಸ್ಟರ್ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಬಾಯಿಗೆ ಹಾಕುವ ಮಾತ್ರೆ ಬಗ್ಗೆ. ನನ್ನ ಹೆಂಡತಿ ಐದು ವರ್ಷ ಡಯಾಲಿಸಿಸ್‌ನಲ್ಲಿದ್ದಳು. ಆಗ ಸಿಕ್ಕಿದ್ದೆಲ್ಲ ಓದಿದ್ದೇನೆ.

ಈ ಹೊಸ ಮಾತ್ರೆಗಳ ದೊಡ್ಡ ಪರೀಕ್ಷೆಗಳಲ್ಲಿ ಕಿಡ್ನಿ ಪೂರ್ತಿ ಹೋದವರನ್ನು ಸೇರಿಸಿಕೊಂಡಿರಲೇ ಇಲ್ಲ. ಅಪಿಕ್ಸಬಾನ್‌ನ ಮೊದಲ ದೊಡ್ಡ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಅಂಕಿ) 2.5 ದಾಟಿದವರಿಗೆ ಜಾಗವೇ ಇರಲಿಲ್ಲ. ಆಮೇಲೆ ಡಯಾಲಿಸಿಸ್‌ನವರ ಮೇಲೆ ಮಾಡಿದವು ಸಣ್ಣವು, ಅವೂ ಹೆಚ್ಚಾಗಿ ಮಷೀನ್ ಡಯಾಲಿಸಿಸ್‌ನವರ ಮೇಲೆ. ನಮ್ಮಂಥ ಹೊಟ್ಟೆ ಡಯಾಲಿಸಿಸ್‌ನವರ ಲೆಕ್ಕ ಇಡುವವರೇ ಕಡಿಮೆ. ಹಾಗಾಗಿ ಹೃದಯದ ಡಾಕ್ಟರ್ "ಲಕ್ವಾ ತಪ್ಪಿಸಬೇಕು" ಅಂತಾರೆ, ಕಿಡ್ನಿ ಡಾಕ್ಟರ್ "ರಕ್ತಸ್ರಾವ ಆಗುತ್ತೆ" ಅಂತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ನಡುವೆ ಸಿಕ್ಕಿಕೊಳ್ಳೋದು ನಾವು.

ಹಳೆಯ ಮಾತ್ರೆ ವಾರ್ಫರಿನ್ ಇದೆಯಲ್ಲ, ಅದರ ಕಥೆ ಚೆನ್ನಾಗಿದೆ. ಅಮೆರಿಕದ ವಿಸ್ಕಾನ್ಸಿನ್ ಕಡೆ ಕೊಳೆತ ಕ್ಲೋವರ್ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ಪದಾರ್ಥದ ಬೆನ್ನು ಹತ್ತಿ ಹೋದವರು 1948ರಲ್ಲಿ ವಾರ್ಫರಿನ್ನನ್ನು ಇಲಿ ಪಾಷಾಣ ಅಂತ ಮಾರುಕಟ್ಟೆಗೆ ತಂದರು. 1954ರಲ್ಲಿ ಅದೇ ಮನುಷ್ಯರ ಔಷಧಿ ಆಯಿತು. ನಮ್ಮಲ್ಲಿ ಜಾಸ್ತಿ ಬರೆಯುವ ಅಸಿಟ್ರೋಮ್ ಅದರ ದಾಯಾದಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಇವೆರಡೂ ಅಡ್ಡ ಬರುತ್ತವೆ. ಅದರ ಜೊತೆಗೇ ರಕ್ತನಾಳದಲ್ಲಿ ಸುಣ್ಣ ಕೂರದಂತೆ ತಡೆಯುವ ಒಂದು ಪ್ರೋಟೀನಿನ ಕೆಲಸವೂ ಕೆಡುತ್ತದೆ. ಡಯಾಲಿಸಿಸ್‌ನವರಲ್ಲಿ ಮೊದಲೇ ಸುಣ್ಣದ ಲೆಕ್ಕ ಏರುಪೇರು. ಅಪರೂಪಕ್ಕೆ ಚರ್ಮ ಕಪ್ಪಾಗಿ, ತಡೆಯಲಾರದ ನೋವಿನ ಹುಣ್ಣಾಗುತ್ತದೆ. ಕ್ಯಾಲ್ಸಿಫೈಲಾಕ್ಸಿಸ್ ಅಂತಾರೆ. ತೊಡೆ, ಹೊಟ್ಟೆ ಮೇಲೆ ಅಂಥದ್ದು ಕಂಡರೆ ಮುಲಾಮು ಹಚ್ಚಿ ಸುಮ್ನಿರಬೇಡಿ.

ಅದಕ್ಕೇ ಕೇಳ್ತೇನೆ, 61ರ ಹೆಂಗಸಿಗೆ ಇಷ್ಟೆಲ್ಲ ಬೇಕಾ?

ಸಿಸ್ಟರ್_ಬೀದರ್ | ಮಧ್ಯಾಹ್ನ 12:10

ಮೇಷ್ಟ್ರೇ, ನೀವು ಓದಿದ್ದು ಸರಿ ಇದೆ. ಆದರೆ "ಬೇಕಾ" ಅನ್ನೋದನ್ನು ನಾವು ಇಲ್ಲಿ ತೀರ್ಮಾನ ಮಾಡೋಕಾಗಲ್ಲ. ಆ ತಾಯಿಗೆ ಹಿಂದೆ ಲಕ್ವಾ ಹೊಡೆದಿತ್ತಾ, ಬಿಪಿ ಎಷ್ಟು ವರ್ಷದಿಂದ, ಸಕ್ಕರೆ ಇದೆಯಾ, ಹೊಟ್ಟೆ ಹುಣ್ಣು ಇತ್ತಾ, ಇದೆಲ್ಲ ಕೂಡಿಸಿ ಕಳೆದು ನೋಡಬೇಕು.

ಮಾತ್ರೆಗಳ ನಡುವೆ ವ್ಯತ್ಯಾಸ ಇದೆ ಅನ್ನೋದು ಮಾತ್ರ ಗೊತ್ತಿರಲಿ. ದಬಿಗಟ್ರಾನ್ ಅನ್ನೋದರಲ್ಲಿ ನೂರಕ್ಕೆ 80 ಭಾಗ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಕಿಡ್ನಿ ಇಲ್ಲದವರ ಮೈಯಲ್ಲಿ ಅದು ಕೂಡಿಕೊಳ್ಳುತ್ತೆ, ಹಾಗಾಗಿ ಡಯಾಲಿಸಿಸ್‌ನವರಿಗೆ ಕೂಡದು. ಅಪಿಕ್ಸಬಾನ್‌ನಲ್ಲಿ ಕಾಲುಭಾಗದಷ್ಟೇ ಕಿಡ್ನಿಯಿಂದ ಹೋಗೋದು, ಉಳಿದದ್ದಕ್ಕೆ ಬೇರೆ ದಾರಿ ಇದೆ. ಅದಕ್ಕೇ ಈಗ ಅದನ್ನು ಜಾಸ್ತಿ ಬರೀತಾರೆ. ಹೊಟ್ಟೆಗೆ ಚುಚ್ಚುವ ಎನಾಕ್ಸಪರಿನ್ ಕೂಡ ನಮ್ಮವರ ಮೈಯಲ್ಲಿ ಉಳಿದುಬಿಡುತ್ತೆ. ಬೇರೆ ಯಾವುದೋ ಆಪರೇಶನ್ನಿಗೆ ಹೋದಾಗ ಕಿಡ್ನಿ ವಿಷಯ ಗೊತ್ತಿಲ್ಲದೆ ಮಾಮೂಲಿ ಡೋಸ್ ಕೊಟ್ಟದ್ದನ್ನು ನೋಡಿದ್ದೇನೆ.

ನಾಟಿ ಅಣ್ಣಾ, ಈಗ ನಿಮಗೆ. ಸಾರಿಗೆ ಒಗ್ಗರಣೆ ಹಾಕುವ ಬೆಳ್ಳುಳ್ಳಿಗೆ ಯಾರ ತಕರಾರೂ ಇಲ್ಲ. ಮಾತ್ರೆ ನಿಲ್ಲಿಸಿ ಬೆಳ್ಳುಳ್ಳಿ ಮೇಲೆ ಬದುಕಿ ಅನ್ನಬೇಡಿ. ಮಾತ್ರೆ ಜೊತೆ ಔಷಧಿ ಅಂತ ಗುಳಿಗೆಗಟ್ಟಲೆ ಬೆಳ್ಳುಳ್ಳಿ ತಗೊಂಡರೆ ರಕ್ತಸ್ರಾವ ಇನ್ನೂ ಜಾಸ್ತಿ.

ಭಾಲ್ಕಿ_ಕಾಕಾ | ಮಧ್ಯಾಹ್ನ 12:45

ನಾನು ಪೇಶೆಂಟೇ. ವಯಸ್ಸು 67. ನಾಲ್ಕು ವರ್ಷದಿಂದ ಹೊಟ್ಟೆ ಡಯಾಲಿಸಿಸ್, ಆರು ವರ್ಷದಿಂದ ಅಸಿಟ್ರೋಮ್. ನನ್ನ ಮೇಲೆ ಬಿದ್ದ ಎರಡು ಏಟು ಹೇಳ್ತೇನೆ, ನಗಬೇಡಿ.

ಮೊದಲನೆಯದು ಎಳ್ಳಮಾಸಿ. ನಮ್ಮ ಕಡೆ ಆ ದಿನ ಹೊಲದಲ್ಲಿ ಚರಗ ಚೆಲ್ಲಿ, ಮರದ ಕೆಳಗೆ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊಡೆಯದಿದ್ದರೆ ಅದು ಎಳ್ಳಮಾಸಿಯೇ ಅಲ್ಲ. ಭಜ್ಜಿ ಅಂದ್ರೆ ಬಜಾರಿನ ಮೆಣಸಿನಕಾಯಿ ಬಜ್ಜಿ ಅಲ್ಲಪಾ ಬೆಂಗಳೂರಿನವರೇ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಅದಕ್ಕೆ ಮೆಂತ್ಯ, ಪಾಲಕ, ಸಿಕ್ಕ ಸೊಪ್ಪೆಲ್ಲ ಹಾಕಿ ಕುದಿಸಿ ಕಡೆದದ್ದು. ಹೊಟ್ಟೆ ಡಯಾಲಿಸಿಸ್‌ನವರಿಗೆ ಪೊಟ್ಯಾಶಿಯಂ ಅಷ್ಟು ಏರಲ್ಲ, ಸ್ವಲ್ಪ ತಿನ್ನಿ ಅಂತ ಡಾಕ್ಟರೇ ಅಂದಿದ್ದರು. ನಾನು "ಸ್ವಲ್ಪ" ಅನ್ನೋದನ್ನು ಮರೆತೆ. ಅವತ್ತು ತಿಂದೆ, ಉಳಿದದ್ದನ್ನು ಸೊಸೆ ಬಿಸಿ ಮಾಡಿ ಇಟ್ಟಳು, ನಾಲ್ಕು ದಿನ ಅದೇ ತಿಂದೆ. ಮುಂದಿನ ವಾರ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ನೋಡಿದರೆ 1.4. ನನಗೆ 2ರಿಂದ 3ರ ನಡುವೆ ಇರಬೇಕು. ಸೊಪ್ಪಿನ ವಿಟಮಿನ್ ಕೆ ಮಾತ್ರೆಯನ್ನು ಮಣ್ಣು ಮುಕ್ಕಿಸಿತ್ತು. ಡಾಕ್ಟರ್ ಬೈಯಲಿಲ್ಲ. "ಕಾಕಾ, ಸೊಪ್ಪು ಬಿಡಬೇಡ. ದಿನಾ ಒಂದೇ ಅಳತೆ ತಿನ್ನು, ಒಂದು ವಾರ ಉಪವಾಸ, ಒಂದು ವಾರ ಹಬ್ಬ ಮಾಡಬೇಡ" ಅಂದರು.

ಎರಡನೆಯದು ನಗುವ ಮಾತಲ್ಲ. ಹೋದ ವರ್ಷ ಹೊಟ್ಟೆಯ ನೀರು ಮಬ್ಬಾಯಿತು, ಪೆರಿಟೊನೈಟಿಸ್, ಅಂದ್ರೆ ಹೊಟ್ಟೆಯ ಪೊರೆಯ ಸೋಂಕು. ಬ್ಯಾಗಿಗೆ ಆಂಟಿಬಯೋಟಿಕ್ ಹಾಕಿದರು. ಆಂಟಿಬಯೋಟಿಕ್ ಜೊತೆ ಫಂಗಸ್ ಬರಬಾರದು ಅಂತ ಫ್ಲುಕೊನಜೋಲ್ ಮಾತ್ರೆಯನ್ನೂ ಕೊಟ್ಟರು. ಅದೂ ಸರಿಯೇ. ಆದರೆ ನಾನು ಅಸಿಟ್ರೋಮ್ ತಗೊಳ್ತೀನಿ ಅನ್ನೋದನ್ನು ಆ ಆಸ್ಪತ್ರೆಯಲ್ಲಿ ಯಾರೂ ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ನಾನೂ ಹೇಳಿದ್ದೆನೋ ಇಲ್ಲವೋ, ಜ್ವರದಲ್ಲಿದ್ದೆ. ಎಂಟನೇ ದಿನ ಬೆಳಿಗ್ಗೆ ಬೇವಿನ ಕಡ್ಡಿಯಲ್ಲಿ ಹಲ್ಲು ಉಜ್ಜಿ ಉಗುಳಿದರೆ ಬಚ್ಚಲೆಲ್ಲ ಕೆಂಪು. ಎಲೆಅಡಿಕೆ ಬಿಟ್ಟು ಹತ್ತು ವರ್ಷ ಆಗಿದೆ, ಇದೆಲ್ಲಿಂದ ಬಂತಪಾ ಅಂದುಕೊಂಡೆ. ಐಎನ್‌ಆರ್ 6 ದಾಟಿತ್ತು. ಫ್ಲುಕೊನಜೋಲ್ ಅಸಿಟ್ರೋಮನ್ನು ಮೈಯಲ್ಲೇ ಹಿಡಿದಿಡುತ್ತಂತೆ. ಸೆಪ್ಟ್ರಾನ್, ಸಿಪ್ರೊ, ಮೆಟ್ರೊನಿಡಜೋಲ್ ಅನ್ನೋ ಆಂಟಿಬಯೋಟಿಕ್‌ಗಳು ಕೂಡ ಐಎನ್‌ಆರ್ ಏರಿಸುತ್ತವಂತೆ. ಟಿಬಿಯ ರಿಫಾಂಪಿಸಿನ್ ಉಲ್ಟಾ, ಇಳಿಸಿಬಿಡುತ್ತೆ.

ಅವತ್ತಿಂದ ಅಂಗಿ ಜೇಬಿನಲ್ಲಿ ಒಂದು ಚೀಟಿ. ಯಾವ ಡಾಕ್ಟರ್ ಹತ್ತಿರ ಹೋದರೂ ನಮಸ್ಕಾರಕ್ಕಿಂತ ಮೊದಲು ಅದನ್ನು ಮೇಜಿನ ಮೇಲೆ ಇಡ್ತೇನೆ. ಹಲ್ಲಿನ ಡಾಕ್ಟರ್ ನಗ್ತಾರೆ. ನಗಲಿ.

ಲ್ಯಾಬ್_ಚಿತ್ತಾಪುರ | ಮಧ್ಯಾಹ್ನ 1:20

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಐಎನ್‌ಆರ್‌ಗೆ ರಕ್ತ ತೆಗೆಯುವ ಟ್ಯೂಬಿನ ಮುಚ್ಚಳ ನೀಲಿ. ಅದರಲ್ಲಿ ಸಿಟ್ರೇಟ್ ದ್ರವ ಇರುತ್ತೆ, ಗೆರೆಯವರೆಗೆ ರಕ್ತ ತುಂಬಲೇಬೇಕು. ಅರ್ಧ ತುಂಬಿಸಿ ಕಳಿಸಿದರೆ ಐಎನ್‌ಆರ್ ಸುಳ್ಳಾಗಿ ಏರಿ ಕಾಣುತ್ತೆ. ಏಕಾಏಕಿ 5, 6 ಬಂದರೆ ಗಾಬರಿಯಾಗೋದಕ್ಕಿಂತ ಮೊದಲು ಇನ್ನೊಮ್ಮೆ ತೆಗೆಸಿ.

ಮತ್ತೆ, ಅಪಿಕ್ಸಬಾನ್ ತಗೊಳ್ಳುವವರು ಐಎನ್‌ಆರ್ ಮಾಡಿ ಅಂತ ಬರ್ತಾರೆ. ಆ ಮಾತ್ರೆ ಎಷ್ಟು ಕೆಲಸ ಮಾಡ್ತಿದೆ ಅಂತ ಐಎನ್‌ಆರ್‌ನಿಂದ ಗೊತ್ತಾಗಲ್ಲ. 1.1 ಬಂತು ಅಂತ ಇನ್ನೊಂದು ಮಾತ್ರೆ ನುಂಗಬೇಡಿ.

ಸುರಪುರ_ಹುಡುಗಿ | ಮಧ್ಯಾಹ್ನ 2:05

ಇಲ್ಲಿ ಬರೆಯೋಕೆ ಸ್ವಲ್ಪ ಮುಜುಗರ. ಆದರೂ ಬರೀತೀನಿ, ನನ್ನಂಥವರು ಇನ್ನೂ ಇರಬಹುದು.

ನನಗೆ 29. ಸಣ್ಣವಳಿದ್ದಾಗ ಕೀಲುವಾತ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. ಮೆಟಲ್ ಕವಾಟ ಹಾಕಿದ್ದಾರೆ. ಆಮೇಲೆ ಕಿಡ್ನಿಯೂ ಹೋಯಿತು. ಅಸಿಟ್ರೋಮ್ ಬಿಡೋಕಾಗಲ್ಲ, ನನ್ನ ಐಎನ್‌ಆರ್ ಬೇರೆಯವರಿಗಿಂತ ಮೇಲೆ, 2.5ರಿಂದ 3.5 ಇರಬೇಕು. ಮೆಟಲ್ ಕವಾಟದವರಿಗೆ ಅಪಿಕ್ಸಬಾನ್ ಥರದ ಹೊಸ ಮಾತ್ರೆ ನಡೆಯಲ್ಲ. ಪದೇ ಪದೇ ರಕ್ತ ಚುಚ್ಚಿಸಿಕೊಂಡು ಸಾಕಾಗಿ ನಾನೂ ಕೇಳಿದ್ದೆ. ಪರೀಕ್ಷೆ ಮಾಡಿ ನೋಡಿ, ಕವಾಟದ ಮೇಲೆ ಹೆಪ್ಪು ಜಾಸ್ತಿ ಕಟ್ಟುತ್ತೆ ಅಂತ ಮಧ್ಯದಲ್ಲೇ ನಿಲ್ಲಿಸಿದರು ಅಂತ ಡಾಕ್ಟರ್ ಹೇಳಿದರು.

ನನ್ನ ಬ್ಯಾಗಿನ ನೀರು ತಿಂಗಳಿಗೊಮ್ಮೆ ಗುಲಾಬಿಯಾಗುತ್ತೆ. ಮುಟ್ಟಿನ ಸಮಯದಲ್ಲಿ, ಕೆಲವೊಮ್ಮೆ ಅದಕ್ಕೆ ಎರಡು ವಾರ ಮೊದಲು. ಮೊದಲ ಸಲ ಅತ್ತೆಗೆ ಹೇಳೋಕೆ ನಾಚಿಕೆ, ಗಂಡ ಪುಣೆಯಲ್ಲಿ, ಒಬ್ಬಳೇ ಅಳ್ತಾ ಕೂತಿದ್ದೆ. ಪಿಡಿ ಹೆಂಗಸರಲ್ಲಿ ಇದು ಮಾಮೂಲು ಅಂತ ಯಾರೂ ಮುಂಚೆ ಹೇಳಿರಲಿಲ್ಲ. ಈಗ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಹಾಕ್ತೀನಿ. ಆ ದಿನಗಳಲ್ಲಿ ಬ್ಯಾಗಿಗೆ ಡಾಕ್ಟರ್ ಬರೆದಷ್ಟು ಹೆಪಾರಿನ್. ಎರಡು ಮೂರು ಬ್ಯಾಗಿಗೆ ತಿಳಿಯಾಗುತ್ತೆ. ಗುರುತು ಇಲ್ಲದ ದಿನ ಕೆಂಪಾದರೆ ಮಾತ್ರ ಫೋನ್.

ಸಿಸ್ಟರ್_ಬೀದರ್ | ಮಧ್ಯಾಹ್ನ 2:12

ಬಂಗಾರದಂಥಾ ಮಾತು ಬರೆದೆ ತಂಗಿ. ಟ್ರೇನಿಂಗ್ ಕೊಡುವಾಗ ನಾವು ಇದನ್ನು ಗಂಡಸರ ಎದುರು ಹೇಳೋಕೆ ಹಿಂಜರಿದು ಬಿಟ್ಟುಬಿಡ್ತೇವೆ. ತಪ್ಪು ನಮ್ಮದೇ.

ಜೇವರ್ಗಿ_ಮಾಮಾ | ಮಧ್ಯಾಹ್ನ 3:30

ನಾಟಿ ತಮ್ಮನ ಮಾತು ಓದಿ ಸುಮ್ನಿರೋಕಾಗಲಿಲ್ಲ. ನನ್ನ ಅಣ್ಣನೂ ಹಾಗೇ, ಮೂಗಿನಲ್ಲಿ ರಕ್ತ ಬಂತು ಅಂತ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದ. ಎರಡು ವಾರ ಚೆನ್ನಾಗಿದ್ದ. ಮೂರನೇ ವಾರ ಊಟಕ್ಕೆ ಕೂತವನ ಕೈಯಿಂದ ರೊಟ್ಟಿ ಜಾರಿತು. ಬಲಗೈ ಏಳಲಿಲ್ಲ. ಇವತ್ತಿಗೂ ಬ್ಯಾಗ್ ಅತ್ತಿಗೆಯೇ ಬದಲಿಸಬೇಕು.

ಆಳಂದ_ನಾಟಿ | ಮಧ್ಯಾಹ್ನ 3:41

ತಪ್ಪಾಯ್ತು ಮಾಮಾ. ಲಕ್ವಾದ ವಿಷಯ ಗೊತ್ತಿರಲಿಲ್ಲ.

ಸೇಡಂ_ಮಗ | ಶನಿವಾರ, ರಾತ್ರಿ 10:25

ಎಲ್ಲರಿಗೂ ಕೈ ಮುಗೀತೀನಿ. ದಿನವಿಡೀ ಓಡಾಟ. ಈಗ ಕೂತೆ.

ಡಾಕ್ಟರ್ ಫೋಟೋ ನೋಡಿ ತಕ್ಷಣ ಫೋನ್ ಮಾಡಿದರು. 5000ದ ಬಾಟಲಿ ಬಳಸಬೇಡ, ವಾಪಸ್ ಕೊಟ್ಟು 1000ದ್ದು ತಗೋ, ಬ್ಯಾಗಿಗೆ ಒಂದು ಎಂಎಲ್ ಅಂದರು. ಹೇಗೆ ಹಾಕೋದು ಅಂತ ವಿಡಿಯೋ ಕಾಲ್‌ನಲ್ಲಿ ಸೆಂಟರಿನ ಸಿಸ್ಟರ್ ನಿಂತು ತೋರಿಸಿದರು. ಕೈ ತೊಳೆ, ಮಾಸ್ಕ್ ಹಾಕು, ಫ್ಯಾನ್ ನಿಲ್ಲಿಸು, ಪೋರ್ಟ್ ಒರೆಸು, ಒಣಗೋವರೆಗೆ ಕಾಯಿ. ಈ ಬಿಸಿಲಲ್ಲಿ ಫ್ಯಾನ್ ನಿಲ್ಲಿಸಿ ಮೂವರೂ ಬೆವರಿನಲ್ಲಿ ತೊಯ್ದು ಹೋದೆವು. ಮೊದಲ ಎರಡು ಬೇಗದ ಬ್ಯಾಗಿನಲ್ಲೇ ಬಣ್ಣ ತಿಳಿಯಾಯಿತು. ಹೆಪಾರಿನ್ ಹಾಕಿದ ಬ್ಯಾಗ್ ಮಧ್ಯಾಹ್ನ ಇಳಿಸಿದಾಗ ಬರೀ ತಿಳಿಹಳದಿ.

ಆಮೇಲೆ ಅವ್ವನನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ಬೆಳಗಿನ ಬ್ಯಾಗಿನ ನೀರು ಪರೀಕ್ಷೆಗೆ ಕೊಟ್ಟೆವು. ಬಿಳಿ ರಕ್ತಕಣ ಕಡಿಮೆ ಇದೆ, 100 ದಾಟಿದ್ದರೆ ಸೋಂಕಿನ ಅನುಮಾನ ಪಡಬೇಕಿತ್ತು ಅಂದರು. ಹಿಮೋಗ್ಲೋಬಿನ್ 9.1 ಇದ್ದದ್ದು 8.8.

ಈಗ ಅಸಲಿ ಮಾತು. ಡಾಕ್ಟರ್ ಅವ್ವನನ್ನು ಮಗ್ಗುಲಿಗೆ ಮಲಗಿಸಿ ನೋಡಿದರು. ಸೊಂಟದ ಕೆಳಗೆ ಅಂಗೈ ಅಗಲ ನೀಲಿ, ಅಂಚು ಹಳದಿಗೆ ತಿರುಗಿತ್ತು. ಏನಮ್ಮಾ ಇದು ಅಂದರೆ ಅವ್ವ ನೆಲ ನೋಡ್ತಾಳೆ. ಮೊಣಕಾಲು ನೋವು ಅಂತ ಊರಿನ ಆರ್‌ಎಂಪಿ ಡಾಕ್ಟರ್ ಹತ್ತಿರ ಹೋಗಿ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಂಡಿದ್ದಾಳೆ, ಈ ವಾರದಲ್ಲಿ ಎರಡು ಸಲ. ಜೊತೆಗೆ ಐದು ದಿನದ ನೋವಿನ ಮಾತ್ರೆ. ನನಗೆ ಹೇಳಿದರೆ ಬೈತಾನೆ ಅಂತ ಪಕ್ಕದ ಮನೆ ಚಿಕ್ಕಮ್ಮನ ಜೊತೆ ಹೋಗಿದ್ದಾಳೆ. ಅವರು ಏನಾದರೂ ಮಾತ್ರೆ ತಗೊಳ್ತೀರಾ ಅಂತ ಕೇಳಲಿಲ್ಲ, ಅವ್ವ ಹೇಳಲೂ ಇಲ್ಲ. ಅಪಿಕ್ಸಬಾನ್, ಎಕೋಸ್ಪ್ರಿನ್, ಅದರ ಮೇಲೆ ನೋವಿನ ಮಾತ್ರೆ, ಮೂರೂ ಕೂಡಿದ್ದವು.

ಸ್ಟೆಂಟ್ ಹಾಕಿಲ್ಲ, ಹಾರ್ಟ್ ಅಟ್ಯಾಕ್ ಆಗಿಲ್ಲ, ಎಕೋಸ್ಪ್ರಿನ್ ಯಾಕಿದೆ ಅಂತ ಕಿಡ್ನಿ ಡಾಕ್ಟರ್ ನನ್ನೆದುರೇ ಹೃದಯದ ಡಾಕ್ಟರಿಗೆ ಫೋನ್ ಹಚ್ಚಿದರು. ಇಬ್ಬರೂ ಮಾತಾಡಿ ಎಕೋಸ್ಪ್ರಿನ್ ನಿಲ್ಲಿಸಿದರು. ಅಪಿಕ್ಸಬಾನ್ ಎರಡು ದಿನ ತಡೆದು, ನೀರು ತಿಳಿಯಾಗೇ ಇದ್ದರೆ ಸೋಮವಾರದಿಂದ ಮತ್ತೆ ಶುರು. ಇಬ್ಬರು ಡಾಕ್ಟರು ಒಂದೇ ಫೋನಿನಲ್ಲಿ ಮಾತಾಡಿದ್ದು ಈ 14 ತಿಂಗಳಲ್ಲಿ ಇದೇ ಮೊದಲು.

ಡೈಕ್ಲೋಫೆನಾಕ್‌ನಿಂದ ಅವ್ವನಿಗೆ ಇನ್ನೂ ಬರ್ತಿರೋ ಅಷ್ಟಿಷ್ಟು ಮೂತ್ರವೂ ನಿಂತುಹೋಗಬಹುದಿತ್ತಂತೆ. ದಿನಕ್ಕೆ ಅರ್ಧ ಲೀಟರ್ ಬರುತ್ತೆ, ಅದೇ ದೊಡ್ಡ ಆಸ್ತಿ ಅಂದರು. ನೋವಿಗೆ ಪ್ಯಾರಾಸಿಟಮಾಲ್, ಅದೂ ಲೆಕ್ಕ ಇಟ್ಟು.

ಸಿಸ್ಟರ್_ಬೀದರ್ | ರಾತ್ರಿ 10:40

ಅವ್ವನಿಗೆ ಬೈಯಬೇಡ ತಮ್ಮಾ. ಜೋಳದ ಹೊಲದಲ್ಲಿ ಕೂತು ಕಳೆ ತೆಗೆದ ಮೊಣಕಾಲು ಅದು. ನೋವು ನಿಜಾನೇ. ಆರ್‌ಎಂಪಿ ಹತ್ತಿರ ನೀನೇ ಒಮ್ಮೆ ಹೋಗಿ, ಇವರಿಗೆ ಕುಂಡೆ ಸೂಜಿ, ನೋವಿನ ಮಾತ್ರೆ ಕೊಡಬೇಡಿ ಅಂತ ಮೆತ್ತಗೆ ಹೇಳಿ ಬಾ. ಜಗಳ ಆಡಿದರೆ ನಾಳೆ ಇನ್ನೊಬ್ಬರಿಗೆ ಕೊಡ್ತಾರೆ.

ಇನ್ನು ಕೆಲವು ದಿನ ಬಣ್ಣ ನೋಡ್ತಾ ಇರಬೇಕು. ಬಿಳಿ ಶಾವಿಗೆ ಎಳೆ ಥರ ತೇಲಿ ಬಂದರೂ ಹೇಳು. ಅದು ಫೈಬ್ರಿನ್, ಹೆಪ್ಪುಗಟ್ಟಿಸುವ ಎಳೆ. ಅದಕ್ಕೂ ಇದೇ ಹೆಪಾರಿನ್ ಕೊಡ್ತಾರೆ.

ಸೇಡಂ_ಮಗ | ರಾತ್ರಿ 10:52

ನಾನು ಸೋಮವಾರದಿಂದ ಡ್ಯೂಟಿಗೆ ಹೋಗಬೇಕು ಅಕ್ಕಾ. ತಂಗಿಗೆ ಕಾಲೇಜು. ಬೆಳಗಿನ ಬ್ಯಾಗ್ ಅವ್ವ ಒಬ್ಬಳೇ ಇಳಿಸ್ತಾಳೆ. ಪೇಪರ್ ಇಟ್ಟು ಓದು ಅನ್ನೋಕೆ ಅವ್ವನಿಗೆ ಓದು ಬರಲ್ಲ.

ಸಿಸ್ಟರ್_ಬೀದರ್ | ರಾತ್ರಿ 10:58

ಪೇಪರೇ ಯಾಕೆ ಬೇಕು? ಇಳಕಲ್ ಸೀರೆ ಉಡ್ತಾರಲ್ವಾ? ಹಳೇ ಸೀರೆಯ ಸೆರಗು ತೊಳೆದು ಬೇರೆ ಇಟ್ಟುಕೊಳ್ಳಲಿ. ಬ್ಯಾಗ್ ಅದರ ಮೇಲಿಟ್ಟು ಗೆರೆ ಎಣಿಸಲಿ.

ಸೇಡಂ_ಮಗ | ಮಂಗಳವಾರ, ಬೆಳಿಗ್ಗೆ 7:05

ಅಪಿಕ್ಸಬಾನ್ ನಿನ್ನೆಯಿಂದ ಮತ್ತೆ ಶುರು. ಈಗಷ್ಟೇ ಬಸ್ಸಿನಲ್ಲಿದ್ದಾಗ ಅವ್ವ ಫೋನ್ ಮಾಡಿದ್ದಳು. ಹಲೋ ಕೂಡ ಅನ್ನಲಿಲ್ಲ. "ಐದೂ ಗೆರಿ ಕಾಣ್ತಾವ. ಕೆಂಪು ಅಂಚೂ ಕಾಣ್ತದ, ಅದು ಸೀರಿದು, ನೀರಿಂದಲ್ಲ. ಗಾಬರಿ ಆಗಬ್ಯಾಡ" ಅಂದು ಇಟ್ಟಳು.